ಪರದೆಗೆ ಬರಬೇಕಾದ ಸಾಲು

ಬ್ಯಾಚ್ ಫೈಲಿನ ಮೊದಲ ಸಾಲು ‘@ಎಕೋ ಆಫ್’ ಎಂದೇ ಏಕಿರಬೇಕು ಎನ್ನುವುದನ್ನು ಡಾಸ್ ಕಾಲದಲ್ಲಿ ಯಾರೂ ಯಾರಿಗೂ ವಿವರಿಸುತ್ತಿರಲಿಲ್ಲ. ಕಿರ್ದಿ ಪುಸ್ತಕದ ಹಾಳೆಯ ನೆತ್ತಿಗೆ ‘ಶ್ರೀ’ ಬರೆದಂತೆ ಅದನ್ನು ಬರೆದು ಮುಂದಕ್ಕೆ ಹೋಗುವುದು, ಅಷ್ಟೇ. ನಾನು ಕಲಿತ ಕಂಪ್ಯೂಟರ್ ತರಬೇತಿ ಕೇಂದ್ರದ ಮೇಷ್ಟ್ರು ಕೂಡ ‘ಹಾಕ್ಬೇಕು, ಹಾಕಿ’ ಎಂದು ಮುಗಿಸಿದ್ದರು. ಅಲ್ಲಿದ್ದ ಎರಡು ಫ್ಲಾಪಿಯ ಹಳೇ ಎಕ್ಸ್‌ಟಿ ಯಂತ್ರದಲ್ಲಿ ಆ ಸಾಲು ಬರೆದರೆ ‘ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್’ ಎಂದು ಬೈಸಿಕೊಳ್ಳಬೇಕಿತ್ತು. ಪಕ್ಕದ ಹೊಸ ಯಂತ್ರ ಅದೇ ಸಾಲನ್ನು ತಕರಾರಿಲ್ಲದೆ ಒಪ್ಪುತ್ತಿತ್ತು. ಕಾರಣ ಆಮೇಲೆ ಕೈಪಿಡಿ ಓದುವಾಗ ತಿಳಿಯಿತು. ‘@’ ಗುರುತು ಡಾಸ್‌ಗೆ ಬಂದದ್ದು 1987ರ 3.3ನೇ ಆವೃತ್ತಿಯಲ್ಲಿ. ಅದಕ್ಕೆ ಹಿಂದಿನ ಡಾಸ್ ಆ ಗುರುತನ್ನೂ ಹೆಸರಿನ ಭಾಗವೆಂದೇ ತಿಳಿದು, ಅಂಥದೊಂದು ಪ್ರೋಗ್ರಾಮನ್ನು ಹುಡುಕಿ ಸೋಲುತ್ತಿತ್ತು.

ಬ್ಯಾಚ್ ಫೈಲ್ ಎಂದರೆ ಕೀಬೋರ್ಡಿನಲ್ಲಿ ಒಂದೊಂದಾಗಿ ಕೊಡಬೇಕಾದ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತ. ಅದರ ಹೆಸರು ಕೊಟ್ಟರೆ ಸಾಕು, ಡಾಸ್ ಒಂದೊಂದೇ ಸಾಲು ಓದಿ ನಡೆಸುತ್ತಾ ಹೋಗುತ್ತದೆ. ನಡೆಸುವ ಮೊದಲು ಆ ಸಾಲನ್ನು ಪರದೆಯ ಮೇಲೆ ಬರೆದು ತೋರಿಸುವುದು ಅದರ ಹುಟ್ಟುಗುಣ. ‘ಎಕೋ ಆಫ್’ ಎಂದರೆ ತೋರಿಸುವುದು ನಿಲ್ಲುತ್ತದೆ. ಆದರೆ ಆ ಸಾಲನ್ನೇ ಓದುವ ಹೊತ್ತಿಗೆ ಇನ್ನೂ ನಿಂತಿರುವುದಿಲ್ಲವಲ್ಲ, ಹಾಗಾಗಿ ‘ಎಕೋ ಆಫ್’ ಎಂಬ ಸಾಲು ಮಾತ್ರ ಪರದೆಗೆ ಬಂದೇ ಬರುತ್ತಿತ್ತು. ಹಳಬರು ಎರಡನೇ ಸಾಲಿಗೆ ‘ಸಿಎಲ್‌ಎಸ್’ ಹಾಕಿ ಇಡೀ ಪರದೆಯನ್ನೇ ಒರೆಸಿಬಿಡುತ್ತಿದ್ದರು. ‘@’ ಬಂದ ಮೇಲೆ ಆ ಪಾಡು ತಪ್ಪಿತು. ಯುನಿಕ್ಸ್ ಲೋಕದ ‘ಮೇಕ್’ ಎಂಬ ಸಲಕರಣೆಯಲ್ಲಿ ಇದೇ ಗುರುತು ಇದೇ ಕೆಲಸವನ್ನು 1970ರ ದಶಕದಲ್ಲೇ ಮಾಡುತ್ತಿತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಇಲ್ಲೊಂದು ಸೂಕ್ಷ್ಮವಿದೆ. ಎಕೋ ಆಫ್ ಮಾಡಿದರೆ ಮರೆಯಾಗುವುದು ಆಜ್ಞೆ ಮಾತ್ರ, ಆಜ್ಞೆಯ ಫಲ ಅಲ್ಲ. ಕಾಪಿ ಮಾಡು ಎಂಬ ಸಾಲು ಕಾಣದಿದ್ದರೂ ‘1 ಫೈಲ್(ಸ್) ಕಾಪೀಡ್’ ಎಂಬ ಉತ್ತರ ಕಾಣುತ್ತದೆ. ಅದೂ ಬೇಡವೆಂದರೆ ಸಾಲಿನ ಕೊನೆಗೆ ‘>’ ಹಾಕಿ ‘ನಲ್’ ಎಂದು ಬರೆಯಬೇಕು. ನಲ್ ಎಂಬುದು ಡಾಸ್‌ನ ಲೆಕ್ಕದಲ್ಲಿ ಪ್ರಿಂಟರಿನಂಥದೇ ಒಂದು ಸಾಧನ, ಆದರೆ ನಿಜದಲ್ಲಿ ಎಲ್ಲೂ ಇಲ್ಲ. ಅಲ್ಲಿಗೆ ಕಳಿಸಿದ್ದು ಕಳೆದುಹೋಯಿತೆಂದೇ ಲೆಕ್ಕ. ಆಜ್ಞೆಯನ್ನು ಅಡಗಿಸಿದರೆ ಪರದೆ ಅಚ್ಚುಕಟ್ಟಾಗುತ್ತದೆ. ಫಲವನ್ನು ಅಡಗಿಸುವುದು ಬೇರೆಯೇ ವ್ಯವಹಾರ. ನನ್ನ ವೃತ್ತಿಯಲ್ಲಿ ಕಂಡ ತಂಟೆಗಳಲ್ಲಿ ಬಹಳಷ್ಟು ಈ ಎರಡನ್ನೂ ಒಂದೇ ಎಂದುಕೊಂಡವರಿಂದ ಆದವು.

1993ರಲ್ಲಿ ನಾನು ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಊರೊಂದರ ಪತ್ತಿನ ಸಹಕಾರ ಸಂಘದಲ್ಲಿ ‘ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ’ನಾಗಿ ಸೇರಿದೆ. ಹುದ್ದೆಗೆ ಬೇರೆ ಹೆಸರಿರಲಿಲ್ಲ. ಒಂದು 386 ಯಂತ್ರ, 40 ಎಂಬಿಯ ಹಾರ್ಡ್ ಡಿಸ್ಕು, ಕಪ್ಪುಬಿಳುಪು ಮಾನಿಟರು, ಗರಗಸದ ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಠೇವಣಿ, ಸಾಲ, ಪಿಗ್ಮಿ ಎಲ್ಲದರ ಲೆಕ್ಕಕ್ಕೆ ಹೊರಗಿನ ಕಂಪನಿಯೊಂದು ಫಾಕ್ಸ್‌ಬೇಸ್‌ನಲ್ಲಿ ಪ್ರೋಗ್ರಾಮು ಬರೆದುಕೊಟ್ಟಿತ್ತು. ಸಂಜೆ ಕೌಂಟರ್ ಮುಚ್ಚಿ ನಗದು ತಾಳೆಯಾದ ಮೇಲೆ ಆ ದಿನದ ಕಡತಗಳನ್ನು ಫ್ಲಾಪಿಗೆ ಇಳಿಸಬೇಕು. ಆ ಕೆಲಸ ಹಿರಿಯ ಗುಮಾಸ್ತೆಯೊಬ್ಬರದು. ವಯಸ್ಸು ಐವತ್ತರ ಹತ್ತಿರ, ಕೂಡುವುದರಲ್ಲಿ ಕ್ಯಾಲ್ಕುಲೇಟರಿಗಿಂತ ಚುರುಕು, ಇಂಗ್ಲಿಷ್ ಓದಲು ಮಾತ್ರ ಬಲು ಅಂಜಿಕೆ. ಸಂಘದ ಅಧ್ಯಕ್ಷರಿಂದ ಹಿಡಿದು ಚಹಾ ತರುವ ಹುಡುಗನವರೆಗೆ ಎಲ್ಲರಿಗೂ ಅವರು ‘ಅಕ್ಕ’.

ಕಂಪನಿಯವರು ಕೊಟ್ಟಿದ್ದ ಬ್ಯಾಕಪ್ ಕಡತ ನೋಡಲು ಬಹಳ ಚೊಕ್ಕ. ಪರದೆಯ ನಡುವೆ ಗೆರೆ ಎಳೆದ ಒಂದು ಚೌಕ, ಅದರೊಳಗೆ ‘ಪ್ಲೀಸ್ ವೇಟ್’. ಮತ್ತೇನೂ ಇಲ್ಲ. ಇಷ್ಟು ಚೊಕ್ಕವಾಗಿಡಲು ಅವರು ಬಳಸಿದ್ದು ‘ಸಿಟಿಟಿವೈ ನಲ್’ ಎಂಬ ಸಾಲು. ಸಿಟಿಟಿವೈ ಎಂಬ ಆಜ್ಞೆಯನ್ನು ಮಾಡಿದ್ದೇ ಬೇರೆ ಉದ್ದೇಶಕ್ಕೆ: ಯಂತ್ರದ ಹತೋಟಿಯನ್ನು ಸೀರಿಯಲ್ ಪೋರ್ಟಿಗೆ ಜೋಡಿಸಿದ ಇನ್ನೊಂದು ಟರ್ಮಿನಲ್ಲಿಗೆ ಒಪ್ಪಿಸಲು. ಅದನ್ನು ನಲ್‌ಗೆ ಒಪ್ಪಿಸಿದರೆ ಡಾಸ್ ಹೇಳುವ ಯಾವ ಮಾತೂ ಪರದೆಗೆ ಬರುವುದಿಲ್ಲ, ಕೀಬೋರ್ಡಿನಲ್ಲಿ ಒತ್ತಿದ್ದೂ ಡಾಸ್‌ಗೆ ತಲುಪುವುದಿಲ್ಲ. ಮುಂದೆ ಎಲ್ಲೋ ‘ಸಿಟಿಟಿವೈ ಕಾನ್’ ಎಂಬ ಸಾಲು ಬಂದು ಹತೋಟಿ ಮರಳಿಸುವವರೆಗೂ ಹಾಗೆಯೇ. ನಡುವಿನ ಸಾಲುಗಳೆಲ್ಲ ಸರಿಯಾಗಿ ನಡೆದರೆ ಇದರಷ್ಟು ಸೊಗಸು ಬೇರಿಲ್ಲ.

ಐದೂಕಾಲು ಇಂಚಿನ ಫ್ಲಾಪಿ ಡ್ರೈವಿಗೆ ಒಂದು ಸಣ್ಣ ಹಿಡಿ ಇರುತ್ತಿತ್ತು. ಫ್ಲಾಪಿ ತೂರಿಸಿ ಅದನ್ನು ತಿರುಗಿಸಿದರೆ ಮಾತ್ರ ಒಳಗಿನ ತಲೆ ಫ್ಲಾಪಿಯನ್ನು ಮುಟ್ಟುತ್ತದೆ. ಒಂದು ಸಂಜೆ ಆ ಹಿಡಿ ಪೂರ್ತಿ ತಿರುಗಿರಲಿಲ್ಲ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಡಾಸ್ ‘ನಾಟ್ ರೆಡಿ’ ಎಂದು ಹೇಳಿ, ಬಿಡಲೋ ಮತ್ತೆ ನೋಡಲೋ ಎಂದು ಕೇಳುತ್ತದೆ. ಅಂದೂ ಕೇಳಿರಬೇಕು. ಆದರೆ ಪ್ರಶ್ನೆ ಹೋದದ್ದು ನಲ್‌ಗೆ, ಉತ್ತರ ಬರಬೇಕಾದ್ದೂ ನಲ್‌ನಿಂದ. ಪರದೆಯ ಮೇಲೆ ಅದೇ ‘ಪ್ಲೀಸ್ ವೇಟ್’. ಅಕ್ಕ ಕಾದರು. ಕೊನೇ ಬಸ್ಸಿನ ಹೊತ್ತಾಗುವವರೆಗೂ ಕಾದು, ಕೀಬೋರ್ಡಿನ ಎಲ್ಲ ಗುಂಡಿ ಒತ್ತಿ ನೋಡಿ, ಕಡೆಗೆ ಸ್ವಿಚ್ ಆರಿಸಿ ಮನೆಗೆ ಹೋದರು. ಮಾರನೇ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವರ ಮುಖ ಬಾಡಿತ್ತು.

‘ಎಂಥ ಮಾರಾಯಾ ಇದು? ಕೆಲಸ ಮಾಡ್ತಾ ಇದ್ಯೋ ಸತ್ತು ಬಿದ್ದಿದ್ಯೋ ನಂಗೆ ಹೆಂಗೆ ಗೊತ್ತಾಗ್ಬೇಕು? ಎರಡಕ್ಕೂ ಒಂದೇ ಮುಖ ಇಟ್ಕಂಡು ಕೂತಿರ್ತದೆ.’

ಕಂಪನಿಯವರಿಗೆ ಟ್ರಂಕ್ ಕಾಲ್ ಹೋಯಿತು. ‘ನಿಮ್ಮವರಿಗೆ ಫ್ಲಾಪಿ ಹಾಕೋದು ಕಲಿಸಿ’ ಎಂಬ ಉತ್ತರ ಬಂತು. ಅಕ್ಕನಿಗೆ ಫ್ಲಾಪಿ ಹಾಕಲು ಚೆನ್ನಾಗಿಯೇ ಬರುತ್ತಿತ್ತು. ಹಾಕಿದ್ದು ಸರಿಯಾಗಿಲ್ಲ ಎಂದು ಅವರಿಗೆ ಹೇಳುವ ಒಂದೇ ಒಂದು ಬಾಯಿಯನ್ನು ಕಂಪನಿ ಹೊಲಿದುಬಿಟ್ಟಿತ್ತು.

ನಾನು ಆ ಕಡತವನ್ನು ಮೊದಲಿನಿಂದ ಬರೆದೆ. ಡಾಸ್‌ನ ಕಾಪಿ ಆಜ್ಞೆ ಕೆಲಸ ಕೆಟ್ಟರೂ ಎರರ್‌ಲೆವೆಲ್ ಎಂಬ ಅಂಕಿಯನ್ನು ಬದಲಿಸುತ್ತಿರಲಿಲ್ಲ. ಅದನ್ನು ನಂಬಿ ‘ಆಯಿತು’ ಎಂದು ಹೇಳುವ ಹಾಗಿಲ್ಲ. ಎಕ್ಸ್‌ಕಾಪಿ ಹಾಗಲ್ಲ. ಎಲ್ಲ ಸರಿಯಿದ್ದರೆ 0, ಕಡತವೇ ಸಿಗದಿದ್ದರೆ 1, ಯಾರಾದರೂ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೆ 2, ಜಾಗ ಸಾಲದಿದ್ದರೆ 4, ಬರೆಯುವಾಗ ಡಿಸ್ಕು ಕೈಕೊಟ್ಟರೆ 5. ಇದನ್ನು ಪರೀಕ್ಷಿಸುವುದರಲ್ಲೂ ಒಂದು ಗೊಂದಲವಿತ್ತು: ‘ಎರರ್‌ಲೆವೆಲ್ 1 ಆಗಿದೆಯೇ’ ಎಂದು ಕೇಳಿದರೆ ಡಾಸ್ ಅದನ್ನು ‘1 ಅಥವಾ ಅದಕ್ಕಿಂತ ಮೇಲಿದೆಯೇ’ ಎಂದು ಓದಿಕೊಳ್ಳುತ್ತದೆ. ಹಾಗಾಗಿ ದೊಡ್ಡ ಅಂಕಿಯಿಂದ ಕೆಳಕ್ಕೆ ಇಳಿಯುತ್ತಾ ಕೇಳಬೇಕು. 5 ಇಲ್ಲ, 4 ಇಲ್ಲ, 2 ಇಲ್ಲ, 1 ಇಲ್ಲ ಎಂದು ಖಚಿತವಾದ ಮೇಲಷ್ಟೇ ‘ಕೆಲಸ ಮುಗಿಯಿತು’ ಎಂಬ ಸಾಲು.

ಆ ಸಾಲು ಕನ್ನಡದಲ್ಲೇ ಇರಬೇಕೆಂದು ನನ್ನ ಹಟ. ಡಾಸ್ ಪರದೆಯಲ್ಲಿ ಕನ್ನಡ ಅಕ್ಷರ ಮೂಡಿಸಲು ಆಗ ದಾರಿ ಇಲ್ಲದೆ ಇರಲಿಲ್ಲ. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂರಿಸಿದರೆ ಭಾರತೀಯ ಲಿಪಿಗಳು ಅದೇ ಕಪ್ಪು ಪರದೆಯ ಮೇಲೆ ಬರುತ್ತಿದ್ದವು. ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಅದನ್ನು ಕಂಡು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನಮ್ಮ ಸಂಘದ ಆಡಳಿತ ಮಂಡಳಿ ಅದಕ್ಕೆ ಹಣ ಮಂಜೂರು ಮಾಡುವ ಪೈಕಿ ಅಲ್ಲ. ಹೀಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ. ‘ಫ್ಲಾಪಿ ಹಾಕಿ ಹಿಡಿ ತಿರುಗಿಸಿ’, ‘ಫ್ಲಾಪಿ ತುಂಬಿದೆ, ಬೇರೆ ಹಾಕಿ’, ‘ಕೆಲಸ ಮುಗಿಯಿತು’. ಅಕ್ಕ ಮೊದಮೊದಲು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು, ಆಮೇಲೆ ಸಾಲಿನ ಆಕಾರ ನೋಡಿಯೇ ತಿಳಿಯುತ್ತಿದ್ದರು.

ಪರದೆಗೆ ಏನು ಬರಬೇಕೆಂದು ಹೇಳುವ ಈ ಎಕೋ ಆಜ್ಞೆ ಸರಳ ಅನ್ನಿಸಿದರೂ ಬಲು ಕಿಡಿಗೇಡಿ. ಕೆಲಸ ಕಲಿಯಲು ಬರುತ್ತಿದ್ದ ಹುಡುಗನೊಬ್ಬ ಎರಡು ಸಾಲುಗಳ ನಡುವೆ ಜಾಗ ಬಿಡಲು ಬರಿಯ ‘ಎಕೋ’ ಎಂದು ಬರೆದಿದ್ದ. ಹಾಗೆ ಬರೆದರೆ ಖಾಲಿ ಸಾಲು ಬರುವುದಿಲ್ಲ, ‘ಎಕೋ ಈಸ್ ಆಫ್’ ಎಂದು ಅದು ತನ್ನ ಸ್ಥಿತಿಯನ್ನು ವರದಿ ಮಾಡುತ್ತದೆ. ‘ಏನೋ ಆಫ್ ಆಗಿದೆಯಂತೆ’ ಎಂದು ಅಕ್ಕ ಎದ್ದು ಹೋಗಿ ಯುಪಿಎಸ್‌ನ ಸ್ವಿಚ್ಚು, ಪ್ರಿಂಟರಿನ ಸ್ವಿಚ್ಚು, ಗೋಡೆಯ ಪ್ಲಗ್ಗು ಎಲ್ಲ ನೋಡಿ ಬಂದರು. ಎಕೋ ಪಕ್ಕಕ್ಕೆ ಜಾಗ ಬಿಡದೆ ಒಂದು ಚುಕ್ಕಿ ಇಟ್ಟರೆ ಖಾಲಿ ಸಾಲು ಬರುತ್ತದೆ ಎಂದು ಹುಡುಗನಿಗೆ ತೋರಿಸಿದೆ. ಅವನೇ ಇನ್ನೊಂದು ಸಲ, ನೋಡಲು ಚೆಂದ ಎಂದು, ‘ಎ ಡ್ರೈವಿಗೆ’ ಎಂಬುದರ ಮುಂದೆ ಬಾಣದ ಗುರುತು ಹಾಕಿ ‘ಫ್ಲಾಪಿ ಹಾಕಿ’ ಎಂದು ಬರೆದ. ಬಾಣದ ಮೊನೆ ಡಾಸ್‌ನ ಪಾಲಿಗೆ ಅಲಂಕಾರವಲ್ಲ, ‘ಮುಂದೆ ಹೇಳಿದ ಹೆಸರಿನ ಕಡತಕ್ಕೆ ಬರೆ’ ಎಂಬ ಆಜ್ಞೆ. ಪರದೆ ಖಾಲಿ, ಹಾರ್ಡ್ ಡಿಸ್ಕಿನಲ್ಲಿ ‘ಫ್ಲಾಪಿ’ ಎಂಬ ಹೆಸರಿನ ಒಂದು ಕಡತ ಹುಟ್ಟಿಕೊಂಡಿತ್ತು. ಬಡ್ಡಿ ದರ ತೋರಿಸುವ ಸಾಲಿನಲ್ಲಿ ಶೇಕಡಾ ಗುರುತು ಒಂದೇ ಹಾಕಿದರೆ ಅದೂ ಮಾಯ, ಎರಡು ಹಾಕಿದರೆ ಒಂದು ಕಾಣುತ್ತಿತ್ತು.

‘ಪಾಸ್’ ಎಂಬ ಆಜ್ಞೆ ಇನ್ನೊಂದು ಕಥೆ. ಯಾವುದಾದರೂ ಕೀ ಒತ್ತುವವರೆಗೆ ಕಾಯುವುದು ಅದರ ಕೆಲಸ, ಜೊತೆಗೆ ತನ್ನದೇ ಇಂಗ್ಲಿಷ್ ಸಾಲೊಂದನ್ನು ತೋರಿಸುತ್ತದೆ. ಆ ಸಾಲನ್ನು ನಲ್‌ಗೆ ಕಳಿಸಿ, ಮೇಲೆ ಎಕೋದಿಂದ ನಮ್ಮ ಸಾಲು ಹಾಕಿಕೊಳ್ಳಬಹುದು. ನಲ್‌ನ ಸದುಪಯೋಗ ಎಂದರೆ ನನ್ನ ಮಟ್ಟಿಗೆ ಇಂಥದು. ‘ಯಾವ ಬಟನ್ ಆದರೂ ಒತ್ತಿ’ ಎಂದು ಬರೆದಿದ್ದೆ. ಅಕ್ಕ ಎಲ್ಲಕ್ಕಿಂತ ನಿರಪಾಯವಾಗಿ ಕಂಡ ಶಿಫ್ಟ್ ಕೀಯನ್ನು ಒತ್ತುತ್ತಿದ್ದರು. ಶಿಫ್ಟ್ ಒಂದನ್ನೇ ಒತ್ತಿದರೆ ಅಕ್ಷರವೇನೂ ಹುಟ್ಟುವುದಿಲ್ಲ, ಪಾಸ್ ಅಲ್ಲಾಡುವುದಿಲ್ಲ. ಸಾಲನ್ನು ‘ಎಂಟರ್ ಒತ್ತಿ’ ಎಂದು ತಿದ್ದಿದೆ. ಯಾವುದಾದರೂ ಆದೀತು ಎಂದು ಬಿಡುವುದಕ್ಕಿಂತ ಇಂಥದ್ದೇ ಎಂದು ಹೇಳುವುದು ಎಷ್ಟೋ ಮರ್ಯಾದೆಯ ರೀತಿ.

ಇವೆಲ್ಲದರ ನಡುವೆ ನಾನು ಅಡಗಿಸದೆ ಬಿಟ್ಟದ್ದು ಒಂದಿತ್ತು. ಎಕ್ಸ್‌ಕಾಪಿ ತಾನು ನಕಲು ಮಾಡುವ ಒಂದೊಂದು ಕಡತದ ಹೆಸರನ್ನೂ ಪರದೆಗೆ ಬರೆಯುತ್ತಾ ಹೋಗುತ್ತದೆ. ಕೊಳಕಾಗಿ ಕಾಣುತ್ತದೆ, ತೆಗೆದುಬಿಡು ಎಂದು ಕಾರ್ಯದರ್ಶಿಗಳು ಹೇಳಿದರು. ‘ಬೇಡ ಸಾರ್, ಅದು ಹೋಗ್ತಾ ಇರೋದು ನೋಡಿದ್ರೆ ನಂಗೆ ಧೈರ್ಯ’ ಎಂದು ಅಕ್ಕ ಅಡ್ಡಬಂದರು. ಇಂಗ್ಲಿಷ್ ಬಾರದ ಅಕ್ಕ ಸಂಜೆ ಸಂಜೆ ಆ ಪಟ್ಟಿ ನೋಡಿ ನೋಡಿ ಅದರ ಕ್ರಮವನ್ನೇ ಬಾಯಿಪಾಠ ಮಾಡಿಕೊಂಡಿದ್ದರು ಎಂದು ನನಗೆ ತಿಳಿದಿರಲಿಲ್ಲ. ಒಂದು ದಿನ ನನ್ನನ್ನು ಕರೆದು, ‘ತಮ್ಮಾ, ಇವತ್ತು ಪಿಗ್ಮಿ ಬರ್ಲಿಲ್ಲ’ ಎಂದರು. ಪಿಗ್ಮಿ ಸಂಗ್ರಾಹಕ ಬರಲಿಲ್ಲವೇನೋ ಎಂದುಕೊಂಡೆ. ‘ಅವನಲ್ಲ ಮಾರಾಯಾ, ಇದ್ರೊಳಗಿನ ಪಿಗ್ಮಿ. ಸಾಲ ಆದ್ಮೇಲೆ ಬರ್ಬೇಕು. ಬರ್ಲಿಲ್ಲ.’

ನಿಜ. ಪಿಗ್ಮಿ ಲೆಕ್ಕದ ಕಡತ ಆ ಡೈರೆಕ್ಟರಿಯಲ್ಲಿ ಇರಲೇ ಇಲ್ಲ. ಹಿಂದಿನ ದಿನ ಕಂಪನಿಯಿಂದ ರಿಪೇರಿಗೆ ಬಂದವರು ಅದನ್ನು ಬೇರೆ ಡೈರೆಕ್ಟರಿಗೆ ಸಾಗಿಸಿ, ಪ್ರೋಗ್ರಾಮಿಗೆ ಮಾತ್ರ ಹೊಸ ದಾರಿ ತೋರಿಸಿ ಹೋಗಿದ್ದರು. ಎಕ್ಸ್‌ಕಾಪಿಯ ಪಾಲಿಗೆ ಇದು ತಪ್ಪೇ ಅಲ್ಲ. ಇದ್ದದ್ದನ್ನೆಲ್ಲ ನಕಲು ಮಾಡಿ 0 ಎಂದು ಹೇಳಿತ್ತು. ನನ್ನ ಎರರ್‌ಲೆವೆಲ್ ಪರೀಕ್ಷೆಗಳನ್ನೆಲ್ಲ ಅದು ದಾಟಿ ಬಂದಿತ್ತು. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಕರಾವಳಿಯಲ್ಲಿ ಶುರುಮಾಡಿದ ಈ ಪಿಗ್ಮಿ ಪದ್ಧತಿ ನಮ್ಮ ಕಡೆ ಎಷ್ಟು ಬೇರುಬಿಟ್ಟಿದೆ ಎಂಬುದು ಗೊತ್ತಿದ್ದವರಿಗೆ ಅದರ ಲೆಕ್ಕ ಕಳೆದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಬೀಡಾ ಅಂಗಡಿಯವರು, ಹೂವಿನವರು, ದಿನಕ್ಕೆ ಎರಡು ರೂಪಾಯಿ ಐದು ರೂಪಾಯಿ ಕಟ್ಟುವವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕೊಳಕೆಂದು ತೆಗೆಯಬೇಕಿದ್ದ ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಿದ್ದುದನ್ನು ಯಂತ್ರ ಹೇಳಲಿಲ್ಲ, ನಾನು ನೋಡಲಿಲ್ಲ, ಓದಲು ಬಾರದು ಎಂದು ನಾವು ತಿಳಿದಿದ್ದವರು ಹೇಳಿದರು. ಕಾರ್ಯದರ್ಶಿಗಳು ಮತ್ತೆ ಅದರ ಸುದ್ದಿಗೆ ಬರಲಿಲ್ಲ.

ಬದಲಿಗೆ, ಬ್ಯಾಕಪ್ ಆದದ್ದಕ್ಕೆ ಕಾಗದದ ಮೇಲೆ ದಾಖಲೆ ಬೇಕು ಎಂದರು. ಸಹಕಾರ ಇಲಾಖೆಯ ಲೆಕ್ಕಪರಿಶೋಧಕರಿಗೆ ಕಾಗದವಿಲ್ಲದ ಸತ್ಯ ಸತ್ಯವಲ್ಲ. ಎಕೋದ ಸಾಲನ್ನು ಪರದೆಯ ಬದಲು ಪ್ರಿಂಟರಿಗೆ ತಿರುಗಿಸುವುದು ಸುಲಭ. ದಿನಾಂಕ ಹಾಕುವುದು ಕಷ್ಟ. ಡಾಸ್‌ನಲ್ಲಿ ‘ಡೇಟ್’ ಎಂದರೆ ಅದು ಇಂದಿನ ದಿನಾಂಕ ಹೇಳಿ, ಹೊಸದು ಏನು ಎಂದು ಕೇಳಿ ಕೂತುಬಿಡುತ್ತದೆ. ಅದಕ್ಕೆ ಎಕೋದಿಂದ ಒಂದು ಖಾಲಿ ಸಾಲನ್ನು ಉಣಿಸಿ, ಅದು ಹೇಳಿದ್ದರಲ್ಲಿ ಬೇಕಾದ ಸಾಲನ್ನಷ್ಟೇ ‘ಫೈಂಡ್’ನಿಂದ ಹೆಕ್ಕಿ ಪ್ರಿಂಟರಿಗೆ ಕಳಿಸುವುದು ಆಗ ಬ್ಯಾಚ್ ಫೈಲು ಬರೆಯುವವರ ನಡುವೆ ಕೈಯಿಂದ ಕೈಗೆ ದಾಟುತ್ತಿದ್ದ ಉಪಾಯ. ಲೆಕ್ಕಪರಿಶೋಧಕರು ಬಂದವರೇ ಒಂದು ಚೀಟಿ ಎತ್ತಿ ಹಿಡಿದು, ‘06-07-1993 ಎಂದಿದೆ, ಜುಲೈ 6ರ ಚೀಟಿ ಜೂನ್ ಕಟ್ಟಿನಲ್ಲಿ ಹೇಗೆ ಬಂತು?’ ಎಂದರು. ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು, ಅದು ಜೂನ್ 7 ಎಂದು ನಾನು ವಿವರಿಸುತ್ತಿದ್ದಂತೆ ಅಕ್ಕ ಗೋಡೆಯ ಕ್ಯಾಲೆಂಡರ್ ತಂದು ಅವರ ಮುಂದಿಟ್ಟರು. ಚೀಟಿಯಲ್ಲಿ ದಿನಾಂಕದ ಹಿಂದೆ ಸೋಮವಾರ ಎಂದಿತ್ತು. ಜೂನ್ 7 ಸೋಮವಾರ. ಜುಲೈ 6 ಮಂಗಳವಾರ. ಅಲ್ಲಿಗೆ ಆಕ್ಷೇಪಣೆ ಮುಗಿಯಿತು.

ಕೆಲವು ವರ್ಷಗಳ ಮೇಲೆ ಬೆಂಗಳೂರಿಗೆ ಬಂದು ಯುನಿಕ್ಸ್ ಹಿಡಿದೆ. ಅಲ್ಲಿನ ರೀತಿಯೇ ಬೇರೆ. ಕಡತ ನಕಲು ಮಾಡು ಎಂದರೆ ಮಾಡುತ್ತದೆ, ಮಾಡಿದೆ ಎಂದು ಒಂದು ಮಾತೂ ಆಡುವುದಿಲ್ಲ. ಇದು ಒರಟುತನವೆಂದು ನನಗೆ ಮೊದಲು ಕಂಡಿತ್ತು. ಆದರೆ 1969ರಿಂದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮುಂತಾದವರು ಅದನ್ನು ಕಟ್ಟುವಾಗ ಅವರೆದುರು ಇದ್ದದ್ದು ಪರದೆಯಲ್ಲ, ಕಾಗದದ ಮೇಲೆ ಟಕಟಕ ಬಡಿಯುವ ಟೆಲಿಟೈಪ್. ಟೆಲಿಟೈಪ್ 33 ಎಂಬ ಯಂತ್ರದ ವೇಗ ಸೆಕೆಂಡಿಗೆ 10 ಅಕ್ಷರ. ‘ಕೆಲಸ ಸಾಂಗವಾಗಿ ನೆರವೇರಿತು’ ಎಂಬ ಸೌಜನ್ಯದ ಮಾತು ಮುಗಿಯಲು ಎರಡು ಮೂರು ಸೆಕೆಂಡು ಕಾಯಬೇಕು, ಕಾಗದ ಬೇರೆ ದಂಡ. ಮಾತಾಡದಿರುವುದಕ್ಕೆ ಅಲ್ಲಿ ಕಾರಣವಿತ್ತು. ಅದಕ್ಕಿಂತ ಮುಖ್ಯವಾಗಿ, ಯುನಿಕ್ಸ್ ಫಲಿತಾಂಶಕ್ಕೊಂದು, ತಪ್ಪಿನ ವರದಿಗೊಂದು ಹೀಗೆ ಎರಡು ಬೇರೆ ಕಾಲುವೆ ಇಟ್ಟಿತ್ತು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಡಬಹುದು. ಡಾಸ್‌ನ ಸಾಲಿನಲ್ಲಿ ತಪ್ಪಿನ ಕಾಲುವೆಯನ್ನು ಬೇರೆಯಾಗಿ ತಿರುಗಿಸುವ ಸೌಕರ್ಯವಿರಲಿಲ್ಲ.

ಸೌಕರ್ಯವಿದ್ದರೂ ಜನ ಎರಡನ್ನೂ ಮುಚ್ಚುತ್ತಿದ್ದರು ಎನ್ನುವುದು ಬೇರೆ ಮಾತು. ರಾತ್ರಿ ತಾನಾಗಿ ನಡೆಯುವ ಕೆಲಸಗಳನ್ನು ಕ್ರಾನ್ ಎಂಬ ವ್ಯವಸ್ಥೆಗೆ ಒಪ್ಪಿಸಿದರೆ, ಆ ಕೆಲಸ ಪರದೆಗೆ ಏನು ಬರೆಯುತ್ತದೋ ಅದನ್ನು ಕ್ರಾನ್ ಮೇಲ್ ಮಾಡುತ್ತದೆ. ಬೆಳಿಗ್ಗೆ ಮೇಲ್‌ಪೆಟ್ಟಿಗೆ ತುಂಬಿರುವುದು ಯಾರಿಗೆ ಇಷ್ಟ? ಎಲ್ಲರೂ ಸಾಲಿನ ಕೊನೆಗೆ ಎರಡೂ ಕಾಲುವೆಗಳನ್ನು ‘ಡೆವ್ ನಲ್’ಗೆ ತಿರುಗಿಸುವ ಮಂತ್ರ ಸೇರಿಸುತ್ತಿದ್ದರು. ನಾನಿದ್ದ ಒಂದು ಕಡೆ ಡಿಸ್ಕು ತುಂಬಿ ರಾತ್ರಿಯ ಬ್ಯಾಕಪ್ ನಿಂತು ಬಹಳ ಕಾಲವಾಗಿತ್ತು. ಯಂತ್ರ ಪ್ರತಿ ರಾತ್ರಿ ದೂರು ಹೇಳುತ್ತಲೇ ಇತ್ತು, ಅದೇ ಡೆವ್ ನಲ್‌ಗೆ.

ಹಾಗೆಂದು ಎಲ್ಲವನ್ನೂ ತೋರಿಸಬೇಕೆಂದು ಹೇಳುವ ಧೈರ್ಯ ನನಗಿಲ್ಲ. ಯುನಿಕ್ಸ್ ಶೆಲ್‌ನಲ್ಲಿ ‘ಸೆಟ್ ಮೈನಸ್ ಎಕ್ಸ್’ ಎಂದರೆ ಅದು ಡಾಸ್‌ನ ಎಕೋ ಆನ್‌ಗಿಂತ ಒಂದು ಹೆಜ್ಜೆ ಮುಂದೆ: ಆಜ್ಞೆಯನ್ನು ಬರೆದಿದ್ದಂತೆ ಅಲ್ಲ, ಅದರೊಳಗಿನ ಹೆಸರುಗಳ ಜಾಗಕ್ಕೆ ನಿಜವಾದ ಬೆಲೆಗಳನ್ನು ತುಂಬಿ, ಮುಂದೊಂದು ಕೂಡುವ ಚಿಹ್ನೆ ಇಟ್ಟು ತೋರಿಸುತ್ತದೆ. ದೋಷ ಹುಡುಕುವವನಿಗೆ ಅದರಂಥ ದೀಪ ಇಲ್ಲ. ಪಾಸ್‌ವರ್ಡ್ ಇರುವ ಸಾಲಿಗೂ ಅದು ಅದೇ ದೀಪ ಹಿಡಿಯುತ್ತದೆ. ಒಂದು ಕಚೇರಿಯಲ್ಲಿ ಡೇಟಾಬೇಸಿನ ಪಾಸ್‌ವರ್ಡು ಎಲ್ಲರೂ ತೆರೆದು ನೋಡಬಹುದಾದ ಲಾಗ್ ಕಡತದಲ್ಲಿ ಹೀಗೆಯೇ ಅಚ್ಚಾಗಿ ಕೂತಿದ್ದನ್ನು ಕಂಡಿದ್ದೇನೆ. ಆ ಒಂದೆರಡು ಸಾಲುಗಳ ಮೊದಲು ‘ಸೆಟ್ ಪ್ಲಸ್ ಎಕ್ಸ್’ ಎಂದು ದೀಪ ಆರಿಸಿ, ದಾಟಿದ ಮೇಲೆ ಮತ್ತೆ ಹಚ್ಚಬೇಕು. ಯಾರಿಗೆ ಯಾವುದು ಕಾಣಬೇಕು ಎಂದು ಸಾಲು ಸಾಲಿಗೂ ಯೋಚಿಸದೆ ಗತ್ಯಂತರವಿಲ್ಲ.

ಈಗ ನನ್ನ ಜೊತೆ ಕೆಲಸ ಮಾಡುವ ಹುಡುಗನ ಸ್ಕ್ರಿಪ್ಟುಗಳು ನೋಡಲು ಚೆಂದ. ಬಣ್ಣ ಬಣ್ಣದ ಸಾಲು, ತಿರುಗುವ ಗುರುತು, ಒಂದೊಂದು ಹಂತ ಮುಗಿದಾಗಲೂ ಹಸಿರು ಟಿಕ್. ನಾನು ಮೊದಲು ನೋಡುವುದು ಆ ಟಿಕ್ ಯಾವ ಸಾಲಿನ ನಂತರ ಬರುತ್ತದೆ, ಏನನ್ನು ಕೇಳಿಕೊಂಡು ಬರುತ್ತದೆ ಎಂದು. ಮೊನ್ನೆಯ ಸ್ಕ್ರಿಪ್ಟಿನಲ್ಲಿ ಅದು ಏನನ್ನೂ ಕೇಳಿಕೊಂಡಿರಲಿಲ್ಲ. ನಕಲು ಮಾಡುವ ಸಾಲು, ಅದರ ಕೆಳಗೆ ಟಿಕ್ ಬರೆಯುವ ಸಾಲು. ‘ಸರ್, ಅದು ಫೇಲ್ ಆಗಲ್ಲ’ ಎಂದ. ಇಲ್ಲದ ಡೈರೆಕ್ಟರಿಯೊಂದರ ಹೆಸರು ಕೊಟ್ಟು ನಡೆಸಿದೆವು. ತಪ್ಪಿನ ಸಾಲು ಬಂತು, ಅದರ ಬೆನ್ನಿಗೇ ಹಸಿರು ಟಿಕ್ಕೂ ಬಂತು. ಅವನು ನಕ್ಕು ಎರಡು ಸಾಲುಗಳ ನಡುವೆ ‘&&’ ಸೇರಿಸಿದ; ಮೊದಲಿನದು ಗೆದ್ದರೆ ಮಾತ್ರ ಎರಡನೆಯದು.

ಕಡತಗಳ ಹೆಸರಿನ ಪಟ್ಟಿಯ ವಿಷಯದಲ್ಲಿ ಮಾತ್ರ ಅವನು ಬಗ್ಗಲಿಲ್ಲ. ಸಾವಿರಾರು ಹೆಸರು ಉರುಳಿಕೊಂಡು ಹೋದರೆ ಯಾರು ನೋಡುತ್ತಾರೆ ಸರ್ ಎಂಬುದು ಅವನ ವಾದ. ಅಕ್ಕನ ಪಿಗ್ಮಿಯ ಕಥೆ ಹೇಳಿದೆ. ‘ಅವರ ಪಟ್ಟಿ ಒಂದು ಪರದೆಯಷ್ಟು ಇತ್ತು, ಅದಕ್ಕೇ ಗೊತ್ತಾಯ್ತು’ ಎಂದ. ಅದು ತಳ್ಳಿಹಾಕುವ ಮಾತಲ್ಲ. ಸದ್ಯಕ್ಕೆ ಬೇಕೆಂದವರಿಗೆ ಪಟ್ಟಿ ತೋರಿಸುವ ಒಂದು ಆಯ್ಕೆ ಇಟ್ಟಿದ್ದಾನೆ, ನಿನ್ನೆಗಿಂತ ಕಡತ ಕಡಿಮೆಯಾದರೆ ಹೇಳುವ ಒಂದು ಸಾಲನ್ನು ನಾನು ಸೇರಿಸಿದ್ದೇನೆ. ಯಾರೂ ಏನೂ ಆರಿಸದಿದ್ದರೆ ಪಟ್ಟಿ ಬರಬೇಕೋ ಬೇಡವೋ ಎನ್ನುವುದು ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ.